ಒಲೆ ಹಚ್ಚದ ಅಡುಗೆಮನೆ

ನನ್ನ ಗಂಡನ ಅಣ್ಣ ಹೊಸಪೇಟೆಯಲ್ಲಿ ಕಟ್ಟಿಸಿದ ಹೊಸ ಮನೆಯಲ್ಲಿ ಎರಡು ಅಡುಗೆಮನೆಗಳಿದ್ದವು. ಒಂದು ತೋರಿಸಲಿಕ್ಕೆ, ಇನ್ನೊಂದು ಅಡುಗೆ ಮಾಡಲಿಕ್ಕೆ. ತೋರಿಸುವುದು ಮನೆಯ ನಟ್ಟನಡುವೆ ಇತ್ತು. ಹಣ್ಣುಮೆಣಸಿನಕಾಯಿ ಬಣ್ಣದ ಮಿರಿಮಿರಿ ಕಪಾಟುಗಳು, ಬಗ್ಗಿದರೆ ಮುಖ ಕಾಣುವ ಕಪ್ಪು ಗ್ರಾನೈಟಿನ ಕಟ್ಟೆ, ನಾಲ್ಕು ಬರ್ನರಿನ ಗಾಜಿನ ಒಲೆ, ಅದರ ಮೇಲೆ ಹೊಗೆ ಹೀರುವ ಚಿಮಣಿ. ಅಂಗಡಿಯವರು ಚಿಮಣಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ. ಬಿಚ್ಚುವ ಅಗತ್ಯವೂ ಬಿದ್ದಿರಲಿಲ್ಲ, ಆ ಒಲೆಯನ್ನು ಒಮ್ಮೆಯೂ ಹಚ್ಚಿದ್ದೇ ಇಲ್ಲ. ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಶಾಸ್ತ್ರವನ್ನು ಕೂಡ ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು ಮುಗಿಸಿದ್ದರು. ಒಳಗೆ ಉಕ್ಕಿಸಿದರೆ ಗ್ರಾನೈಟಿಗೆ ಕಲೆ ಬೀಳುತ್ತದೆ ಎಂಬ ಕಾರಣಕ್ಕೆ. ನಿಜವಾದ ಅಡುಗೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಆಗುತ್ತಿತ್ತು. ಅಲ್ಲಿ ಮಲಪನಗುಡಿಯಿಂದ ಬರುವ ಒಬ್ಬ ಹೆಂಗಸು ಬೆಳಗಿನಿಂದ ರೊಟ್ಟಿ ಬಡಿಯುತ್ತಿದ್ದಳು. ಅವಳು ಬಡಿದದ್ದನ್ನು ಈ ಕೆಂಪು ಅಡುಗೆಮನೆಗೆ ತಂದು, ಪಿಂಗಾಣಿ ತಟ್ಟೆಗೆ ಹಾಕಿ, ಅಲ್ಲೇ ಮಾಡಿದ ಹಾಗೆ ಬಡಿಸುತ್ತಿದ್ದರು.

ಆ ವರ್ಷಗಳಲ್ಲಿ ಊರಿನಲ್ಲಿ ಇಂಥ ಮನೆ ಇದೊಂದೇ ಆಗಿರಲಿಲ್ಲ. ಗುಡ್ಡದ ಕೆಂಪು ಕಲ್ಲಿಗೆ, ಅಂದರೆ ಕಬ್ಬಿಣದ ಅದಿರಿಗೆ, ಹಡಗಿನ ದಾರಿ ಸಿಕ್ಕಿತ್ತು. ನಿನ್ನೆ ಬಜಾರಿನಲ್ಲಿ ತಕ್ಕಡಿ ಹಿಡಿದು ಕೂತಿದ್ದವರು ಇವತ್ತು ಕಿವಿಗೊಂದು ಮೊಬೈಲು ಹಿಡಿದು ನಿಂತಿದ್ದರು. ನನ್ನ ಮಾವನವರದು ಬೆಲ್ಲದ ಅಂಗಡಿ. ಕಂಪ್ಲಿ ಕಡೆಯ ಆಲೆಮನೆಗಳಿಂದ ಪೆಂಟೆ ಬೆಲ್ಲ ತರಿಸಿ ಮಾರುತ್ತಿದ್ದರು. ಅವರು ತೀರಿಕೊಂಡ ಮೇಲೆ ಭಾವ ಅಂಗಡಿ ಮುಚ್ಚಿ ಒಂದು ಲಾರಿ ಕೊಂಡರು. ಒಂದು ಆರಾಯಿತು. ಆಮೇಲೆ ಅದಿರು ರಾಶಿ ಹಾಕುವ ಪ್ಲಾಟೊಂದನ್ನು ಹಿಡಿದರು. ಆಮೇಲೆ ಈ ಮನೆ.

ನಾವಿದ್ದದ್ದು ದೋಣಿಮಲೈಯಲ್ಲಿ, ಸರ್ಕಾರಿ ಗಣಿಯ ಕ್ವಾರ್ಟರ್ಸಿನಲ್ಲಿ. ನನ್ನ ಗಂಡ ಅಲ್ಲಿ ಆಫೀಸಿನ ಗುಮಾಸ್ತ. ಅಗೆಯುವ ಗುಡ್ಡ ಒಂದೇ ಸಾಲಿನದಾದರೂ ನಮಗೆ ಅದು ತಿಂಗಳ ಸಂಬಳವಾಗಿ, ಹೊತ್ತಿಗೆ ಸರಿಯಾಗಿ ಬರುವ ನೀರಾಗಿ, ಮಕ್ಕಳನ್ನು ಶಾಲೆಗೆ ಒಯ್ಯುವ ಬಸ್ಸಾಗಿ ಬರುತ್ತಿತ್ತು. ಇದರಿಂದ ನನಗೊಂದು ಹೆಮ್ಮೆ ಹುಟ್ಟಿತ್ತು. ನಾವು ಹಾರಾಡಿದವರಲ್ಲ, ನೆಲದ ಮೇಲೆ ಕಾಲಿಟ್ಟು ನಡೆಯುವವರು ಎಂಬ ಹೆಮ್ಮೆ. ಹೊಸಪೇಟೆಗೆ ಹೊರಡುವಾಗಲೆಲ್ಲ ಅದನ್ನು ಸೀರೆಯ ಜೊತೆಗೆ ಇಸ್ತ್ರಿ ಮಾಡಿ ಮಡಚಿ ಇಟ್ಟುಕೊಳ್ಳುತ್ತಿದ್ದೆ. ಅಲ್ಲಿ ಹೋಗಿ ನನ್ನ ನೆಗೆಣ್ಣಿಯ, ಅಂದರೆ ಭಾವನ ಹೆಂಡತಿಯ, ಒಂದೊಂದು ಹೊಸ ಸಾಮಾನನ್ನೂ ಮನಸ್ಸಿನಲ್ಲೇ ಹಂಗಿಸುವುದು ನನಗೆ ಹಬ್ಬದೂಟಕ್ಕಿಂತ ರುಚಿಯಾಗಿತ್ತು. ಅವಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ, ಬಹುವಚನದಲ್ಲೇ ಮಾತನಾಡಿಸುತ್ತಿದ್ದೆ. ಮನಸ್ಸಿನೊಳಗಿನ ಮಾತಿಗೆ ಬಹುವಚನ ಇರಲಿಲ್ಲ.

ಆ ವರ್ಷದ ದಸರೆಗೆ ಹದಿನೈದು ದಿನ ಇರುವಾಗ ಅವಳ ಫೋನು ಬಂತು.

“ತಂಗಿ, ಈ ಸಲ ರಜಾ ಬಿಟ್ಟ ಮರುದಿನಾನ ಮಕ್ಕಳನ್ನ ಕರ್ಕೊಂಡು ಬಂದುಬಿಡು. ಆಯುಧಪೂಜಿ ಹಿಂದಿನ ದಿನ ನಮ್ಮನಿಗೆ ಲೇಡೀಸ್ ಬರ್ತಾರ. ದೊಡ್ಡದೊಡ್ಡ ಗಣಿಯವರ ಮನ್ಯಾಗಿನವ್ರು. ಮಕ್ಕಳ ಕೈಲೇ ಸ್ವೀಟ್ ಮಾಡ್ಸಿ ಇಡೋಣು ಅಂತ ಮಾಡೀನಿ. ನೋ ಬೇಕ್ ಅಂತ, ಟಿವಿಯಾಗ ತೋರ್ಸಿದ್ರು. ಒಲಿ ಬ್ಯಾಡ, ಓವನ್ ಬ್ಯಾಡ, ಬರೇ ಕಲಸೋದು, ಫ್ರಿಜ್ಜಿನ್ಯಾಗ ಇಡೋದು.”

“ಒಲಿ ಹಚ್ಚದ ಮಾಡೋ ಸಿಹಿ ನಮ್ಮಲ್ಲೂ ಅದಾವಲ್ರೀ ಅಕ್ಕಾ,” ಅಂದೆ. “ಪುಟಾಣಿ ಹಿಟ್ಟಿಗೆ ಬೆಲ್ಲ, ತುಪ್ಪ ಹಾಕಿ ಉಂಡಿ ಕಟ್ಟೋದು.”

“ಬೆಲ್ಲ ಬ್ಯಾಡವಾ,” ಅಂದಳು. “ಬೆಲ್ಲ ಕಂಡ್ರ ಮತ್ತ ಅವ್ರಿಗೆ ಅಂಗಡಿ ನೆನಪಾಕ್ಕತಿ.”

ಈ ಮಾತನ್ನು ನಾನು ನನ್ನ ಗಂಡನಿಗೆ ಎರಡು ಸಲ ಹೇಳಿ ನಕ್ಕೆ. ಬೆಲ್ಲ ಮಾರಿ ಬೆಳೆದ ಮನೆಗೆ ಬೆಲ್ಲವೇ ಮೈಲಿಗೆಯಾಯಿತು ಎಂದೆ. ಅವರು ಪೇಪರಿನಿಂದ ತಲೆ ಎತ್ತದೆ, “ಹೋಗಿ ಬರೋರು ನೀವು. ಅಲ್ಲಿ ನಿನ್ನ ಬಾಯಿ ಸ್ವಲ್ಪ ಬಿಗಿ ಹಿಡಿ,” ಎಂದರು. ಬಾಯಿ ಬಿಗಿ ಹಿಡಿಯುವುದು ನನಗೆ ಕಷ್ಟವಿರಲಿಲ್ಲ. ನಾನು ಹಂಗಿಸುತ್ತಿದ್ದದ್ದು ಬಾಯಿಯಿಂದಲ್ಲ. ಹೊರಡುವ ದಿನ ಬ್ಯಾಗಿನ ತಳದಲ್ಲಿ ಒಂದು ಪೆಂಟೆ ಬೆಲ್ಲ, ನಾವು ಪುಟಾಣಿ ಎನ್ನುವ ಹುರಿಗಡಲೆ, ಒಂದು ಬಟ್ಟಲು ಒಣಕೊಬ್ಬರಿ ಇಟ್ಟುಕೊಂಡೆ. ಒಂಬತ್ತು ವರ್ಷದ ಮಗಳು ನೋಡಿದಳು.

“ದೊಡ್ಡಮ್ಮ ಬ್ಯಾಡ ಅಂದಾರಂತಲ್ಲ?”

“ಅವರು ಬ್ಯಾಡ ಅಂದದ್ದು ಅವರ ಗೆಳತ್ಯಾರಿಗೆ. ನಾವು ನಮಗ ಮಾಡ್ಕೊಳ್ಳೋಣು.”

ಸಂಡೂರಿನಿಂದ ಹೊಸಪೇಟೆಯ ತನಕ ಬಸ್ಸಿನ ಮುಂದೆ ಲಾರಿ, ಹಿಂದೆ ಲಾರಿ. ಐದು ವರ್ಷದ ಮಗ ಕಿಟಕಿಯ ಗಾಜಿನ ಕೆಂಪು ಧೂಳಿನ ಮೇಲೆ ಬೆರಳಿನಿಂದ ಮೀನು ಬರೆದ. ಇಳಿಯುವ ಹೊತ್ತಿಗೆ ಮೀನು ಮುಚ್ಚಿಹೋಗಿತ್ತು.

ಹೊಸ ಮನೆಯಲ್ಲಿ ಮೊದಲು ಮಾತನಾಡಿಸಿದವರು ಅತ್ತೆ. ಅವರಿಗೆ ಆಗ ಎಪ್ಪತ್ತು ದಾಟಿತ್ತು. ಬಜಾರಿನ ಹಳೆಯ ಮನೆಯಿಂದ ಕರೆತಂದು ಅವರಿಗೆ ಅಟ್ಯಾಚ್ಡ್ ಬಾತ್ರೂಮಿನ ಕೋಣೆ ಕೊಟ್ಟಿದ್ದರು. ಅವರು ಹಗಲೆಲ್ಲ ಆ ಕೋಣೆಯನ್ನು ಬಿಟ್ಟು, ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತು ಶೆಡ್ಡಿನ ಹೆಂಗಸಿನೊಂದಿಗೆ ಮಾತನಾಡುತ್ತಿದ್ದರು. ಹಣೆಯ ವಿಭೂತಿ ಕೂಡ ಒಂಚೂರು ಅಲುಗದಂತೆ, ತಣ್ಣಗೆ ಕುಟುಕುವುದು ಅವರಿಗೆ ಗೊತ್ತಿತ್ತು.

“ಬಂದ್ಯಾ? ಚಲೋ ಆತು,” ಎಂದರು. “ಒಲಿ ಹಚ್ಚದ ಅಡಿಗಿ ಮಾಡ್ತಾರಂತ. ನೀರಿಲ್ಲದ ಕೆರ್ಯಾಗ ಈಜು ಕಲ್ಸಾಕ ನಿನ್ನ ಕರ್ಸ್ಯಾಳ.”

ಕರೆಸಿದ್ದು ನಿಜವಾಗಿಯೂ ಅದಕ್ಕೇ. ಮರುದಿನ ಬೆಳಿಗ್ಗೆ ಅಕ್ಕ ನನ್ನ ಕೈಗೆ ಒಂದು ಚೀಟಿ ಕೊಟ್ಟು, “ಮಕ್ಕಳ ಜವಾಬ್ದಾರಿ ನಿಂದು. ನಾ ಫೇಶಿಯಲ್‌ಗೆ ಹೋಗಿ ಬರ್ತೀನಿ. ಸಂಜಿ ನಾಕಕ್ಕ ಅವ್ರು ಬರ್ತಾರ,” ಎಂದಳು. ಕಟ್ಟೆಯ ಮೇಲೆ ಬಿಸ್ಕತ್ತಿನ ಪಾಕೀಟುಗಳು, ಡಬ್ಬಿಯ ಗಟ್ಟಿ ಹಾಲು, ಕೋಕೋ ಪುಡಿ, ಬೆಣ್ಣೆ, ಬಣ್ಣಬಣ್ಣದ ಸಕ್ಕರೆ ಕಾಳು ಎಲ್ಲ ಸಾಲಾಗಿದ್ದವು. ಅವಳ ಇಬ್ಬರು, ನನ್ನ ಇಬ್ಬರು, ನಾಲ್ಕು ಮಕ್ಕಳಿಗೂ ಬಿಳಿಯ ಏಪ್ರನ್, ತಲೆಗೆ ಉದ್ದ ಟೋಪಿ. ಕಾರಿನಲ್ಲಿ ಕೂರುವ ಮುನ್ನ ಅವಳು ಮತ್ತೆ ಒಳಗೆ ಬಂದು, “ಏಪ್ರನ್ ಈಗ ಹಾಕಬ್ಯಾಡ್ರಿ, ಸಂಜಿಗೆ ಬೇಕು. ಹೊಲಸಾಗ್ತಾವು,” ಎಂದು ಕಸಿದು ಎತ್ತಿಟ್ಟಳು. ಹೊಲಸಾಗದಿರಲಿ ಎಂದು ಎತ್ತಿಡುವ ಏಪ್ರನ್ನನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ಅವಳ ಕಾರು ಗೇಟು ದಾಟಿದ ಮೇಲೆ ಆ ಕೆಂಪು ಅಡುಗೆಮನೆಗೆ ಮೊದಲ ಸಲ ಜೀವ ಬಂತು. ಅಕ್ಕನ ಹಿರಿಯ ಮಗನಿಗೆ ಹನ್ನೊಂದು. ಊಟಕ್ಕೆ ಕರೆದರೂ ವಿಡಿಯೋ ಗೇಮಿನಿಂದ ಕಣ್ಣು ಕೀಳದ ಹುಡುಗ. ಅವನಿಗೆ ಬಿಸ್ಕತ್ತು ಪುಡಿ ಮಾಡುವ ಕೆಲಸ ಕೊಟ್ಟೆ. ಪಾಕೀಟುಗಳನ್ನೆಲ್ಲ ಒಂದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ನೆಲದ ಮೇಲಿಟ್ಟು, ಲಟ್ಟಣಿಗೆಯಿಂದ ಹೊಡೆ ಎಂದೆ. ಅವನು ಹೊಡೆದದ್ದೇ ಹೊಡೆದದ್ದು. ಏಳು ವರ್ಷದ ಎರಡನೆಯವನು ಬಂದು ಚೀಲದ ಒಳಗೆ ಇಣುಕಿ, ತನ್ನಪ್ಪನ ಪ್ಲಾಟಿನ ಮೇಸ್ತ್ರಿಯ ದನಿಯಲ್ಲಿ, “ಇದ್ರಾಗ ಲಂಪ್ಸ್ ಜಾಸ್ತಿ ಅದಾವು, ಫೈನ್ಸ್ ಕಡಿಮಿ. ಇನ್ನೊಮ್ಮೆ ಕ್ರಷರಿಗೆ ಹಾಕ್ರಿ,” ಎಂದ. ಅದಿರಿನ ಹೆಂಟೆಗೆ ಲಂಪ್ಸ್, ಪುಡಿಗೆ ಫೈನ್ಸ್ ಎನ್ನುವುದು ಆ ಮನೆಯ ಕೂಸಿಗೂ ಗೊತ್ತಿತ್ತು. ಮಕ್ಕಳು ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ, ಏಳು ವರ್ಷದ ಹುಡುಗನಿಗೆ ಮಗ್ಗಿ ಸರಿಯಾಗಿ ಬರುವುದಿಲ್ಲ, ಲಂಪ್ಸು ಫೈನ್ಸು ಬರುತ್ತದೆ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಪುಡಿಗೆ ಬೆಣ್ಣೆ, ಕೋಕೋ, ಗಟ್ಟಿ ಹಾಲು ಸುರಿದು ನಾಲ್ಕು ಜೊತೆ ಕೈಗಳು ಒಂದೇ ಬೋಗುಣಿಗೆ ಇಳಿದವು. ನನ್ನ ಮಗನ ಮೊಣಕೈಯ ತನಕ ಚಾಕೊಲೇಟು. ಅದನ್ನು ದುಂಡಗೆ ಉರುಳಿಸಿ, ಬಣ್ಣದ ಕಾಳಿನಲ್ಲಿ ಹೊರಳಿಸಿ ತಟ್ಟೆಗೆ ಇಟ್ಟರು. ಕೆಲವು ಲಿಂಬೆಯಷ್ಟು, ಕೆಲವು ಗೋಲಿಯಷ್ಟು, ಒಂದು ನನ್ನ ಮಗನ ಮುಷ್ಟಿಯ ಆಕಾರದ್ದೇ. ಎಲ್ಲವೂ ಮೆತ್ತಗೆ ಕೂತು ಚಪ್ಪಟೆಯಾಗುತ್ತಿದ್ದವು. ಫ್ರಿಜ್ಜಿಗೆ ಇಡಲು ಹೋದರೆ, ಮರುದಿನದ ಪೂಜೆಗೆ ತರಿಸಿದ ಹೂವಿನ ಹಾರಗಳು ಎರಡು ಬಾಗಿಲಿನ ಆ ಫ್ರಿಜ್ಜಿನ ತುಂಬ. ಗಾಡಿಗಳಿಗೆ ಹಾಕುವ ಹಾರಗಳು ತಂಪಾಗಿರಬೇಕಲ್ಲ. ಹೇಗೋ ಸರಿಸಿ ತಟ್ಟೆಗೆ ಜಾಗ ಮಾಡಿದೆ. ಮಕ್ಕಳು ಐದು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು, ಗಟ್ಟಿಯಾಯಿತೇ ಎಂದು ಬೆರಳಿಟ್ಟು ನೋಡಿ ನೆಕ್ಕಿಕೊಂಡರು.

ಆ ಬಿಡುವಿನಲ್ಲಿ ನಾನು ನನ್ನ ಬೆಲ್ಲ ತೆಗೆದೆ. ಹಿತ್ತಲ ಮೆಟ್ಟಿಲಿನ ಬಳಿ ಚಾಪೆ ಹಾಕಿ ಮಕ್ಕಳನ್ನು ಕೂರಿಸಿದೆ. ಹಿರಿಯವನು ಮಿಕ್ಸಿಯಲ್ಲಿ ಪುಟಾಣಿ ಪುಡಿ ಮಾಡಿ ತಂದ. ಮಗಳು ಬೆಲ್ಲ ಹೆರೆದಳು. ಎಲ್ಲ ಕೂಡಿಸಿ, ತುಪ್ಪವನ್ನು ಕಾಸದೆ ಹಾಗೇ ಹಾಕಿ ಉಂಡೆ ಕಟ್ಟಹೋದರೆ, ಒಂದೂ ನಿಲ್ಲಲಿಲ್ಲ. ಹಿಡಿದರೆ ಉಂಡೆ, ಬಿಟ್ಟರೆ ಹಿಟ್ಟು. ಮಕ್ಕಳ ಮುಂದೆ ನನ್ನ ಮುಖ ಸಣ್ಣದಾಯಿತು. ಅಷ್ಟು ದೂರದಿಂದ ಬೆಲ್ಲ ಹೊತ್ತು ತಂದದ್ದೇ ನನ್ನ ಕೈಯ ಹೆಚ್ಚುಗಾರಿಕೆ ತೋರಿಸಲಿಕ್ಕೆ.

ಅತ್ತೆ ಮೆಟ್ಟಿಲ ಮೇಲಿಂದ ನೋಡುತ್ತಿದ್ದರು. “ಕ್ವಾಟ್ರಸ್‌ನ್ಯಾಗ ಇದ್ದು ನೀನೂ ಕೈ ಮರ್ತಿ,” ಎಂದರು. ಕೆಳಗಿಳಿದು ನನ್ನ ಮಗಳ ಪಕ್ಕ ಕೂತರು. “ಬಾ ಇಲ್ಲಿ ಕೂಸ. ಮೊದ್ಲು ಬೆಲ್ಲಕ್ಕ ತುಪ್ಪ ಹಚ್ಚಿ ಅಂಗೈಲೆ ತಿಕ್ಕು. ಹಿಟ್ಟು ಈಗ ಬ್ಯಾಡ. ಬೆಲ್ಲ ಮೇಣದಂಗ ಆಗ್ಬೇಕು. ನಿನ್ನ ಕೈಯಾಗ ಬಿಸಿ ಐತಲ್ಲ, ಅದ ಒಲಿ. ಹಾಂ, ಈಗ ಹಿಟ್ಟು ಹಾಕು, ಸ್ವಲ್ಪಸ್ವಲ್ಪ.”

ಮಗಳು ತಿಕ್ಕಿದಳು. ಬೆಲ್ಲ ಕರಗಿ ಮೆತ್ತಗಾಗಿ, ಹಿಟ್ಟನ್ನು ಹಿಡಿದುಕೊಂಡಿತು. ಅವಳ ಮೊದಲನೆಯ ಉಂಡೆ ಒಡೆಯದೆ ನಿಂತಾಗ ಅವಳು ಅಜ್ಜಿಯ ಮುಖ ನೋಡಿದಳೇ ಹೊರತು ನನ್ನದನ್ನಲ್ಲ. ನಾಲ್ಕೂ ಮಕ್ಕಳು ಸೇರಿ ಮೂವತ್ತು ನಲವತ್ತು ಉಂಡೆ ಕಟ್ಟಿದರು. ಹಿರಿಯ ಹುಡುಗ ವಿಡಿಯೋ ಗೇಮನ್ನು ಎಲ್ಲಿಟ್ಟಿದ್ದೇನೆಂದೇ ಮರೆತಿದ್ದ.

ಅಕ್ಕ ಮೂರು ಗಂಟೆಗೆ ಬಂದಳು. ಮುಖ ತಿಕ್ಕಿದ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಅಡುಗೆಮನೆಗೆ ಕಾಲಿಟ್ಟವಳು ಮೊದಲು ನೋಡಿದ್ದು ಕಪಾಟಿನ ಬಾಗಿಲನ್ನು. ಅದರ ಮೇಲೆ ಐದು ಬೆರಳಿನ ಕಂದು ಗುರುತು, ಸೊಂಟದ ಎತ್ತರದಲ್ಲಿ ಒಂದು, ಅದಕ್ಕಿಂತ ಕೆಳಗೆ ಎರಡು. ಆಮೇಲೆ ಫ್ರಿಜ್ಜು ತೆಗೆದಳು. ಒಂದು ಹಾರಕ್ಕೆ ಚಾಕೊಲೇಟು ಮೆತ್ತಿತ್ತು. ತಟ್ಟೆಯಲ್ಲಿ ಉಂಡೆಗಳೆಲ್ಲ ಒಂದಕ್ಕೊಂದು ಅಂಟಿ ಕೆಸರಿನ ಮುದ್ದೆಯಾಗಿದ್ದವು.

“ಇದನ್ನ ಇಡ್ಲ್ಯಾ ಅವ್ರ ಮುಂದ?” ಎಂದಳು. ಕೂಗಲಿಲ್ಲ. ಹೆದರಿದ ದನಿ ಅದು. ನನಗೆ ಆಗ ಹಾಗೆ ಕೇಳಿಸಲಿಲ್ಲ, ಜಂಬದ ದನಿಯೆಂದೇ ಕೇಳಿಸಿತು.

“ಇನ್ನೂ ಸ್ವಲ್ಪ ಹೊತ್ತು ಬೇಕ್ರಿ ಅಕ್ಕಾ. ಬಾಗಲಾ ತೆಗೀದ ಬಿಟ್ರ ಗಟ್ಟಿ ಆಕ್ಕಾವು.”

ಹೊತ್ತು ಇರಲಿಲ್ಲ. ಅವಳು ಡ್ರೈವರನ್ನು ಬೇಕರಿಗೆ ಓಡಿಸಿದಳು. ಅರ್ಧ ಗಂಟೆಯಲ್ಲಿ ಎರಡು ಪೆಟ್ಟಿಗೆ ಬಂದವು. ಒಳಗೆ ಕಾಗದದ ಗೂಡುಗಳಲ್ಲಿ ಒಂದೇ ಅಳತೆಯ ಚಾಕೊಲೇಟು ಗುಂಡುಗಳು, ಒಂದೊಂದರ ತಲೆಗೂ ಒಂದೊಂದು ಗೋಡಂಬಿ. ಅವುಗಳನ್ನು ಕಾಗದದಿಂದ ಬಿಡಿಸಿ ಪಿಂಗಾಣಿ ತಟ್ಟೆಗಳಿಗೆ ಜೋಡಿಸಿ, ಮೇಲೆ ಬಣ್ಣದ ಕಾಳು ಉದುರಿಸಿದಳು. ಕಾಗದದ ಗೂಡುಗಳನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿದಳು. ಮಕ್ಕಳ ಕೈಮುಖ ತೊಳೆಸಿ, ಏಪ್ರನ್ ಕಟ್ಟಿ, ಟೋಪಿ ಇಟ್ಟು ಕಟ್ಟೆಯ ಹಿಂದೆ ಸಾಲಾಗಿ ನಿಲ್ಲಿಸಿದಳು. ತನ್ನ ಹಿರಿಯ ಮಗನಿಗೆ, “ಕೇಳಿದ್ರ, ಬಿಸ್ಕಿಟ್ ಪುಡಿ ಮಾಡಿ, ಹಾಲು ಹಾಕಿ, ಫ್ರಿಜ್ಜಿನ್ಯಾಗ ಇಟ್ವಿ ಅನ್ನು,” ಎಂದಳು.

“ನಾವು ಮಾಡಿದ್ದು ಬ್ಯಾರೆ ಅಲ್ಲೇನು?” ಎಂದಳು ನನ್ನ ಮಗಳು.

“ಮಾಡಿದ್ದು ನೀವಾ ಅಲ್ಲವಾ, ಪುಟ್ಟಿ? ಇದೂ ಅದೂ ಒಂದ.”

ಬಂದವರು ನಾಲ್ವರು. ಅವರಲ್ಲಿ ಮೂವರನ್ನು ನೆನಪಿಡಬೇಕಾದ ಕಾರಣವಿಲ್ಲ, ಏಕೆಂದರೆ ಅವರೂ ನಾಲ್ಕನೆಯವಳ ಮುಖವನ್ನೇ ನೋಡುತ್ತ ಅವಳು ನಕ್ಕಾಗ ನಗುತ್ತಿದ್ದರು. ನಾಲ್ಕನೆಯವಳು ಸ್ವಂತ ಗಣಿ ಇದ್ದ ಮನೆಯವಳು. ಲಾರಿಯವರ ಹೆಂಡತಿಗೂ ಗಣಿಯವರ ಹೆಂಡತಿಗೂ ನಡುವೆ ಎಷ್ಟು ಮೆಟ್ಟಿಲುಗಳಿವೆ ಎಂಬುದು ನನಗೆ ಅಂದು ಗೊತ್ತಾಯಿತು. ಮನೆಯಲ್ಲಿ ರಾಣಿಯ ಹಾಗೆ ಓಡಾಡುವ ಅಕ್ಕ ಅವಳೆದುರು ಸೋಫಾದ ತುದಿಯಲ್ಲಿ ಕೂತಿದ್ದಳು, ಯಾರಾದರೂ ಏಳು ಎಂದರೆ ಎದ್ದುಬಿಡುವ ಹಾಗೆ.

ಮನೆಯೆಲ್ಲ ನೋಡಿ ಅಡುಗೆಮನೆಗೆ ಬಂದರು. ಗಣಿಯವರ ಹೆಂಡತಿ ಒಂದು ಗುಂಡನ್ನು ಎರಡು ಬೆರಳಿನಲ್ಲಿ ಎತ್ತಿ ಹಲ್ಲಿನ ತುದಿಗೆ ಮುಟ್ಟಿಸಿ, “ಮಸ್ತ್ ಆಗೇತಿ. ನೀವಾ ಮಾಡಿದ್ರಾ?” ಎಂದಳು.

ಹಿರಿಯವನು ಪಾಠ ಒಪ್ಪಿಸಿದ. ಬಿಸ್ಕಿಟ್ ಪುಡಿ ಮಾಡಿದ್ವಿ, ಹಾಲು ಹಾಕಿದ್ವಿ, ಫ್ರಿಜ್ಜಿನಲ್ಲಿ ಇಟ್ವಿ. ಒಂದು ಕಡೆಯೂ ತಡವರಿಸಲಿಲ್ಲ. ಬೆಳಿಗ್ಗೆ ಲಟ್ಟಣಿಗೆ ಹಿಡಿದು ಬೆವರಿದ ಹುಡುಗ ಇವನೇ ಎಂದು ನನಗೆ ನಂಬಿಕೆಯಾಗಲಿಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆದರೂ ಎಲ್ಲವೂ ಸುಳ್ಳು. ಇಂಥ ಮಾತು ಈ ಮನೆಯಲ್ಲಿ ಬೆಳೆದವನಿಗೆ ಮಾತ್ರ ಬರುತ್ತದೆ ಎಂದು ನಾನು ಒಳಗೊಳಗೇ ತೀರ್ಪು ಕೊಡುತ್ತಿದ್ದೆ. ಅಷ್ಟರಲ್ಲಿ ಆಕೆ ನನ್ನ ಕಡೆ ತಿರುಗಿದಳು.

“ನೀವಾ ಕಲಿಸಿದ್ದಂತಲ್ರೀ? ಎಷ್ಟು ನೀಟ್ ಆಗಿ ಮಾಡ್ಸೀರಿ. ನಮ್ಮ ಮಕ್ಕಳಿಗೂ ಒಂದಿನ ಬಂದು ಹೇಳಿಕೊಡ್ರಿ.”

“ಹೂಂನ್ರಿ,” ಅಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಅಳತಿ ಸರಿ ಇದ್ರ ಎಲ್ಲಾ ಒಂದ ಸಮ ಬರ್ತಾವ್ರಿ,” ಎಂದೆ.

ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಅಕ್ಕ ನನಗೆ ಯಾವ ಪಾಠವನ್ನೂ ಹೇಳಿಕೊಟ್ಟಿರಲಿಲ್ಲ. ಆ ಹೆಂಗಸನ್ನು ನಾನು ತೃಣಕ್ಕೆ ಸಮ ಎಂದುಕೊಂಡಿದ್ದೆ. ಅವಳ ಕಿವಿಯ ವಜ್ರವನ್ನು, ಕೊರಳ ಸುತ್ತಿನ ಸೆಂಟನ್ನು, ಮುಟ್ಟಿ ತಿನ್ನದೆ ಬಿಡುವ ನಾಜೂಕನ್ನು ಮನೆಗೆ ಹೋಗಿ ಗಂಡನಿಗೆ ಹೇಳಲು ಒಂದೊಂದಾಗಿ ಆರಿಸಿಟ್ಟುಕೊಂಡಿದ್ದೆ. ಅಂಥವಳು ಒಂದು ಸಲ ಹೊಗಳಿದ್ದಕ್ಕೆ ನನ್ನ ಬೆನ್ನು ನೆಟ್ಟಗಾಯಿತು. ಮಗಳು ಟೋಪಿಯ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ಮತ್ತೆ ಸೋಫಾದಲ್ಲಿ ಕೂತು ಚಹಾ ಕುಡಿಯುವಾಗ ಗಣಿಯವರ ಹೆಂಡತಿ ಏನೋ ನೆನಪಾದವಳಂತೆ ಕೇಳಿದಳು: “ನಿಮ್ದು ಮೊದ್ಲು ಬಜಾರದಾಗ ಬೆಲ್ಲದ ಅಂಗಡಿ ಇತ್ತಲ್ರೀ? ನಮ್ಮ ಮನಿ ಆಳು ಅಲ್ಲೇ ತರ್ತಿದ್ದ.”

ಅಕ್ಕನ ಹೊಳೆಯುವ ಮುಖದಿಂದ ಬಣ್ಣ ಇಳಿದದ್ದು ನನಗೆ ಕಾಣಿಸಿತು. “ಅದು ಭಾಳ ಹಿಂದ,” ಎಂದಳು.

ಹಿಂದಿನಿಂದ ಅತ್ತೆ ಬಂದರು. ಅವರನ್ನು ಕೋಣೆಯಲ್ಲೇ ಇರಲು ಹೇಳಿದ್ದರು. ಕೈಯಲ್ಲಿ ಸ್ಟೀಲಿನ ತಟ್ಟೆ, ಅದರ ತುಂಬ ಮಕ್ಕಳು ಕಟ್ಟಿದ ಪುಟಾಣಿ ಉಂಡೆ. ಆ ಹೆಂಗಸಿನ ಎದುರು ಟೀಪಾಯಿಯ ಮೇಲೆ ತಟ್ಟೆ ಇಟ್ಟು, ಎದುರಿನ ಸೋಫಾದಲ್ಲಿ ಕಾಲು ಮಡಚಿ ಕೂತರು.

“ಅಂಗಡಿ ನಮ್ದಾ ತಾಯಿ. ನಲವತ್ತು ವರ್ಷ ನಡಿಸಿದ್ವಿ. ತಕ್ಕಡಿ ಎಂದೂ ಮೋಸ ಮಾಡ್ಲಿಲ್ಲ. ತಗೋ, ಬೆಲ್ಲದ್ದ ಐತಿ. ಇವು ಖರೇನ ನಮ್ಮ ಮಕ್ಕಳು ಮಾಡಿದ್ದು.”

ಖರೇನ ಎಂಬ ಮಾತಿಗೆ ಅವರು ಒತ್ತು ಕೊಡಲೂ ಇಲ್ಲ. ಗಣಿಯವರ ಹೆಂಡತಿ ಒಂದು ಉಂಡೆ ತೆಗೆದುಕೊಂಡು, “ಹೆಲ್ದಿ ಇರ್ತಾವು ಇವು,” ಎಂದು ಟಿಶ್ಯೂ ಕಾಗದದಲ್ಲಿ ಸುತ್ತಿ, ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಳ್ಳುವುದೊಂದೇ ಬಾಕಿ ಎಂಬಂತೆ, ಪರ್ಸಿಗೆ ಹಾಕಿಕೊಂಡಳು. ಉಳಿದ ಮೂವರೂ ಒಂದೊಂದು ತೆಗೆದು ಸುತ್ತಿಕೊಂಡರು. ಅವರ ಕಾರುಗಳು ಹೋದ ಮೇಲೆ ನನ್ನ ಮಗ ಪೋರ್ಟಿಕೋದಿಂದ ಓಡಿಬಂದು, “ಅಮ್ಮ, ಹೂಕುಂಡದಾಗ ಉಂಡಿ ಬಿದ್ದಾವು,” ಎಂದ. ಎರಡು ಟಿಶ್ಯೂ ಕಾಗದದ ಗಂಟುಗಳು. ಒಳಗಿನ ಉಂಡೆಗಳು ಇನ್ನೂ ಒಡೆದಿರಲಿಲ್ಲ. ಅತ್ತೆ ಅವನ್ನು ಕೈಗೆ ತೆಗೆದುಕೊಂಡು, “ಇರುವಿಗೆ ಹಾಕು. ತಿನ್ನಾಕ ಬರೋರಿಗೆ ಹಾಕು,” ಎಂದರು.

ಅಕ್ಕ ಅತ್ತೆಯೊಂದಿಗೆ ಜಗಳವಾಡುತ್ತಾಳೆಂದು ನಾನು ಕಾದೆ. ನಿಜ ಹೇಳಬೇಕೆಂದರೆ ಆಸೆಯಿಂದ ಕಾದೆ. ಅವಳು ಏನೂ ಆಡಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನೀರಿಗೆಂದು ಅಡುಗೆಮನೆಗೆ ಹೋದರೆ, ರೇಶ್ಮೆ ಸೀರೆಯಲ್ಲೇ ನೆಲದ ಮೇಲೆ, ಕಪಾಟಿಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಮಕ್ಕಳು ಕಲಸಿದ ಬೋಗುಣಿ. ಅಂಚಿಗೆ ಮೆತ್ತಿದ್ದ ಚಾಕೊಲೇಟನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದಳು.

“ಚಲೋ ಆಗೇತಿ,” ಎಂದಳು. “ಬೇಕರೀದಕ್ಕಿಂತ ಚಲೋ ಆಗೇತಿ. ಕುಂದ್ರು.”

ನಾನು ನಿಂತೇ ಇದ್ದೆ.

“ನೀ ನನ್ನ ನೋಡಿ ನಗ್ತಿ ಅಂತ ನಂಗೊತ್ತೈತಿ ತಂಗಿ. ಬಂದಾಗೆಲ್ಲ ನಗ್ತಿ. ನಗು. ನಿನಗ ಕಂಪನಿ ಮನಿ ಕೊಟ್ಟೈತಿ, ಶಾಲಿ ಕೊಟ್ಟೈತಿ. ನೀನು ಯಾರ ಮುಂದೂ ಒಂದು ತಟ್ಟಿ ಹಿಡ್ಕೊಂಡು ನಿಂದ್ರಬೇಕಾಗಿಲ್ಲ. ನಿಮ್ಮ ಭಾವನ ಲಾರಿಗೆ ಲೋಡು ಕೊಡೋದು ಆಕಿ ಗಂಡ. ಆಕಿ ಒಮ್ಮೆ ಮೂಗು ಮುರಿದ್ರ ಆರು ಗಾಡಿ ನಿಂದ್ರತಾವು.” ಬೆರಳು ನೆಕ್ಕಿಕೊಂಡಳು. “ನೀನೂ ಹೂಂ ಅಂದ್ಯಲ್ಲ. ನಾ ಹೇಳಿರ್ಲಿಲ್ಲ ನಿನಗ.”

ಆ ಕ್ಷಣದಲ್ಲಿ ಅವಳ ಬಗ್ಗೆ ಕನಿಕರ ಬಂತು ಎಂದು ಬರೆದರೆ ಓದುವವರಿಗೆ ಹಿತವಾದೀತು, ಆದರೆ ಅದು ಬೇಕರಿಯ ಗುಂಡಾದೀತು. ನನಗೆ ಬಂದದ್ದು ಸಿಟ್ಟು. ಅವಳಿಗೆ ನನ್ನ ನಗು ಮೊದಲಿನಿಂದಲೂ ಕಾಣುತ್ತಿತ್ತು ಎಂಬುದಕ್ಕೆ, ಅಷ್ಟು ದಿನ ಕಂಡೂ ಕಾಣದಂತೆ ನನ್ನ ಮಕ್ಕಳಿಗೆ ಹಬ್ಬಕ್ಕೆ ಬಟ್ಟೆ ತೆಗೆದಿಟ್ಟಿದ್ದಳು ಎಂಬುದಕ್ಕೆ ಸಿಟ್ಟು. ನೀರು ಕುಡಿಯದೆ ಹೊರಗೆ ಬಂದೆ.

ಬೆಳಿಗ್ಗೆ ಫ್ರಿಜ್ಜಿನಿಂದ ಹಾರ ತೆಗೆಯುವಾಗ ನೋಡಿದರೆ ಮಕ್ಕಳ ತಟ್ಟೆ ಗಟ್ಟಿಯಾಗಿತ್ತು. ಬಾಗಿಲು ಮುಚ್ಚಿ ಒಂದು ರಾತ್ರಿ ಬಿಡಬೇಕಿತ್ತು, ಅಷ್ಟೇ. ಇಡೀ ತಟ್ಟೆ ಒಂದೇ ಹಲಗೆಯಾಗಿತ್ತು. ಹಿರಿಯವನು ಲಟ್ಟಣಿಗೆಯಿಂದ ಒಂದು ಪೆಟ್ಟು ಕೊಟ್ಟು ಒಡೆದ. ಪ್ಲಾಟಿನಲ್ಲಿ ಲಾರಿಗಳ ಪೂಜೆ. ಆರು ಗಾಡಿಗಳಿಗೂ ಬಾಳೆಕಂದು ಕಟ್ಟಿ, ಗಾಲಿಗೆ ಲಿಂಬೆಹಣ್ಣು ಇಟ್ಟಿದ್ದರು. ಭಾವ ಕುಂಬಳಕಾಯಿ ಒಡೆದು ಡ್ರೈವರುಗಳಿಗೆಲ್ಲ ಪೇಡೆಯ ಪೆಟ್ಟಿಗೆ ಹಂಚಿದರು. ಅವರ ಹಿಂದೆ ನಾಲ್ಕು ಮಕ್ಕಳು ತಮ್ಮ ತಟ್ಟೆ ಹಿಡಿದು ಹೊರಟರು, ಯಾರೂ ಹೇಳದೆಯೇ. ಚೋರನೂರಿನ ಕಡೆಯ ಒಬ್ಬ ವಯಸ್ಸಾದ ಡ್ರೈವರು ಆ ಕಂದು ಹೆಂಟೆಯೊಂದನ್ನು ಅಂಗೈ ಮೇಲಿಟ್ಟು ತೂಗಿ ನೋಡಿದ.

“ಏನ್ ಸಣ್ಣ ಸಾವುಕಾರ್ರ, ಅದಿರು ತಿನ್ನಾಕ ಕೊಡಾಕತ್ತೀರಿ?”

“ಒಳ್ಳೆ ಗ್ರೇಡ್ ಐತಿ, ತಿನ್ರಿ,” ಎಂದ ಏಳು ವರ್ಷದವನು.

ಡ್ರೈವರು ತಿಂದ. ಕಣ್ಣು ಮುಚ್ಚಿ ಅಗಿದು, “ಇನ್ನೊಂದ್ ಲೋಡ್ ಹಾಕ್ರಿ,” ಎಂದು ಕೈ ಚಾಚಿದ. ಮಕ್ಕಳು ಕುಣಿದರು. ಚಾಕೊಲೇಟಿನ ಹೆಂಟೆ, ಬೆಲ್ಲದ ಉಂಡೆ ಎರಡೂ ಹತ್ತು ನಿಮಿಷದಲ್ಲಿ ಮುಗಿದವು. ಅಕ್ಕ ಕಾರಿನ ಪಕ್ಕ ನಿಂತು ನೋಡುತ್ತಿದ್ದಳು. ತಡೆಯಲಿಲ್ಲ.

ಬನ್ನಿ ಕೊಟ್ಟು, ದೊಡ್ಡವರ ಕಾಲಿಗೆ ಬಿದ್ದು, ಮರುದಿನ ನಾವು ಹೊರಟೆವು. ಸಂಡೂರು ಇನ್ನೂ ದೂರವಿರುವಾಗ ಮಗಳು ಕೇಳಿದಳು.

“ನೀನ್ಯಾಕ ಹೂಂ ಅಂದಿ?”

“ದೊಡ್ಡಮ್ಮನ ಮರ್ಯಾದಿ ಹೋಗಬಾರ್ದು ಅಂತ.”

ಅವಳು ನನ್ನ ಮುಖ ನೋಡಿದಳು. ಒಂಬತ್ತು ವರ್ಷದ ಕಣ್ಣುಗಳಲ್ಲಿ ನಾನು ಬಹಳ ಚೆನ್ನಾಗಿ ಬಲ್ಲ ಒಂದು ನೋಟವಿತ್ತು. ಅದನ್ನು ನಾನು ಕನ್ನಡಿಯಲ್ಲಿ ಕಂಡಿರಲಿಲ್ಲ, ಆದರೆ ಮುಖದೊಳಗಿನಿಂದ ಗುರುತಿತ್ತು. “ಅಳತಿ ಸರಿ ಇದ್ರ ಅಂತ ಯಾಕಂದಿ ಹಂಗಾರ?” ಎಂದಳು. ಅವಳು ಕಿಟಕಿಯ ಕಡೆ ತಿರುಗಿದಳು.

ಆ ದೀಪಾವಳಿಗೆ ಅಕ್ಕ ಮೊದಲ ಸಲ ನಮ್ಮ ಕ್ವಾರ್ಟರ್ಸಿಗೆ ಬಂದಳು. ಮಕ್ಕಳು, ಅತ್ತೆ ಎಲ್ಲರೂ ಬಂದಿದ್ದರು. ನನ್ನದು ಇಬ್ಬರು ನಿಂತರೆ ತುಂಬುವ ಅಡುಗೆಮನೆ. ಮಗಳು ತಾನಾಗಿಯೇ ಪರಾತ ಇಟ್ಟುಕೊಂಡು ಬೆಲ್ಲ ತಿಕ್ಕಲು ಕೂತಳು. ಹುಡುಗರು ಸುತ್ತ ಒತ್ತಿಕೊಂಡು ಕೂತರು. ನಾನೂ ನಡುವೆ ತೂರಿ ಕೂತು ಕೈ ಹಾಕಲು ಹೋದರೆ, “ನೀ ಬ್ಯಾಡ,” ಎಂದಳು. ಅಕ್ಕ ಬಾಗಿಲಲ್ಲಿ ನಿಂತು ಒಂದು ಉಂಡೆ ಬಾಯಿಗೆ ಹಾಕಿಕೊಂಡು, “ನಿಮ್ಮಮ್ಮ ಚಲೋ ಕಲಿಸ್ಯಾಳ,” ಎಂದಳು. ಅದು ಹೊಗಳಿಕೆಯೋ ಚುಚ್ಚುಮಾತೋ ಎಂದು ತಿಳಿಯಲಿಲ್ಲ.

“ಅಮ್ಮ ಕಲಿಸಿಲ್ಲ, ಅಜ್ಜಿ ಕಲಿಸಿದ್ದು,” ಎಂದಳು ಮಗಳು. “ಅಮ್ಮಂದು ಒಡೀತಿದ್ವು.”

ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. “ಖರೆ ಐತ್ರಿ ಅಕ್ಕಾ,” ಎಂದೆ, ಅನ್ನದೆ ಬೇರೆ ದಾರಿ ಇರಲಿಲ್ಲ. “ನಂಗ ಬರ್ತಿರ್ಲಿಲ್ಲ.”

“ಹಂಗಾದ್ರ ಇಬ್ರೂ ಕಲಿಯೋಣು, ಸರಿ ಆಕಡೆ,” ಎಂದು ಅವಳು ಸೀರೆಯ ನೆರಿಗೆ ಎತ್ತಿ ಕಟ್ಟಿ ನನ್ನ ಪಕ್ಕ ನೆಲಕ್ಕೆ ಕೂತಳು. ಮಗಳು ನಮ್ಮಿಬ್ಬರ ಅಂಗೈಗೂ ಒಂದೊಂದು ಹಿಡಿ ಬೆಲ್ಲ ಹಾಕಿ, ತುಪ್ಪ ಸುರಿದು, ತಿಕ್ಕಿರಿ ಎಂದಳು.